ಪಕ್ಕದ ಮನೆಯ ಬಿಸಿಲು

ನನ್ನ ಹೆಂಡತಿ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಬೇರೆಯವರ ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿ ಸಿಕ್ಕಿಸಿ ನಿವೃತ್ತಳಾದಳು. ಕಡೆಗೆ ಅದು ಅವಳ ಮೂಗಿಗೇ ಬಂತು. ಶ್ವಾಸಕೋಶ ಸೋತಿತ್ತು. ಮನೆಯಲ್ಲಿ ಆಕ್ಸಿಜನ್ ಯಂತ್ರ ಹಗಲೂ ರಾತ್ರಿ ಓಡಬೇಕು, ಮಳೆಗಾಲದಲ್ಲಿ ನಮ್ಮ ಕರೆಂಟಿನ ಅವಸ್ಥೆಯನ್ನು ಹೇಳುವುದೇ ಬೇಡ. ಹಾಗಾಗಿ ತಾರಸಿಯ ತಗಡು ಶೀಟಿನ ಮೇಲೆ ಸೋಲಾರ್ ಹಾಕಿಸಿ, ಕೆಳಗೆ ಬ್ಯಾಟರಿ ಇಡಿಸಿದೆ. ಕರೆಂಟು ಹೋದಾಗ ಅವಳ ಉಸಿರು ನಡೆಯುತ್ತಿದ್ದುದು ಆ ಬ್ಯಾಟರಿಯ ಮೇಲೆ.

ಆಮೇಲೆ ನಮ್ಮ ಪಡುಬದಿಯ ಜಾಗದಲ್ಲಿ ಕಟ್ಟಡ ಏಳತೊಡಗಿತು. ಅದರ ಯಜಮಾನರು ಹೋಟೆಲಿನವರು, ತುಳುವರು. ಜಗಳ ಮಾಡಲೂ ಆಗದಷ್ಟು ಒಳ್ಳೆಯವರು, ನನಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ. ಮಹಡಿ ಏರಿದ ಹಾಗೆ ಮಧ್ಯಾಹ್ನ ಕಳೆದರೆ ಸಾಕು, ನಮ್ಮ ಪ್ಯಾನೆಲ್ಲುಗಳ ಮೇಲೆ ನೆರಳು. ಬ್ಯಾಟರಿ ಪೂರ್ತಿ ತುಂಬುವುದು ನಿಂತೇ ಹೋಯಿತು.

ಅದೇ ಹೊತ್ತಿಗೆ ನಗರದ ಕಟ್ಟಡ ನಿಯಮ ತಿದ್ದುತ್ತಾರೆ, ಹೊಸ ಕಟ್ಟಡಕ್ಕೆಲ್ಲ ಸೋಲಾರ್ ಕಡ್ಡಾಯ, ಜನ ಸಭೆಗೆ ಬಂದು ಅಭಿಪ್ರಾಯ ಹೇಳಬಹುದು ಎಂದು ಪ್ರಕಟಣೆ ಬಂತು. ಹೋದೆ. ನನಗೆ ಕೇಳಲಿಕ್ಕಿದ್ದುದು ಇಷ್ಟೇ: ಹೊಸ ಮನೆಗೆ ಬಿಸಿಲು ಕಡ್ಡಾಯವಾದರೆ ಹಳೆ ಮನೆಯ ಬಿಸಿಲನ್ನು ಕಾಯುವವರು ಯಾರು? ಆದರೆ ಸಭೆಗೆ ಬೇರೆಯೇ ಚಿಂತೆ. "ಸೋಲಾರ್ ಅಂತ ಹೇಳಿ ನಮ್ಮ ಶೀಟು ತೆಗೆಸ್ತೀರಾ?" ಇಲ್ಲಿಯ ಮಳೆಗೆ ಹೆದರಿ ತಾರಸಿಯ ಮೇಲೊಂದು ತಗಡಿನ ಮಾಡು ಹೊದಿಸದವರು ನಮ್ಮ ಊರಲ್ಲಿ ಯಾರಿದ್ದಾರೆ? ಶೀಟು, ಶೀಟು ಎನ್ನುತ್ತಲೇ ಹೊತ್ತು ಕಳೆಯಿತು. ನನ್ನ ಸರದಿ ಬಂದಾಗ ಅಧಿಕಾರಿ, "ನೀವು ಹೇಳುವುದು ಸರಿ ಉಂಟು ಸರ್. ಆದ್ರೆ ನೆರಳಿನ ವಿಷಯ ಈ ನಿಯಮದಲ್ಲಿ ಬರುವುದಿಲ್ಲ," ಎಂದರು. ಮೈಯೆಲ್ಲ ಉರಿಯಿತು. ಮನೆಗೆ ಬಂದು ಹೇಳಿದರೆ ಇವಳು, "ಬೊಬ್ಬೆ ಹಾಕಿದಿರಾ?" ಎಂದು ಮಾತ್ರ ಕೇಳಿದಳು. ಹಾಕಿದ್ದೆ.

ಗೃಹಪ್ರವೇಶಕ್ಕೆ ಯಜಮಾನರು ಖುದ್ದಾಗಿ ಬಂದು ಕರೆದರು. ನನಗೆ ಹೋಗಲು ಮನಸ್ಸಿರಲಿಲ್ಲ. ಇವಳು ಚಿಕ್ಕ ಸಿಲಿಂಡರ್ ಹಿಡಿದು ಹೊರಟೇಬಿಟ್ಟಳು. ಊಟವಾದ ಮೇಲೆ ಅವರು ನಮ್ಮನ್ನು ಲಿಫ್ಟಿನಲ್ಲಿ ತಾರಸಿಗೆ ಕರೆದೊಯ್ದು ಸಾಲು ಸಾಲು ಪ್ಯಾನೆಲ್ ತೋರಿಸಿದರು.

"ರೂಲ್ ಬರುವ ಮೊದಲೇ ಹಾಕಿಸಿದೆ ಮಾಷ್ಟ್ರೆ."

ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಇವಳು ಅರೆಗೋಡೆ ಹಿಡಿದು ಕೆಳಗೆ ನೋಡುತ್ತ ನಿಂತಳು.

"ನಮ್ಮ ಮನೆಯಲ್ಲಿ ಆಗಲೇ ಸಂಜೆ ಆಗಿದೆ," ಎಂದಳು.

ಯಜಮಾನರೂ ಬಗ್ಗಿ ನೋಡಿದರು.

"ನನಗೆ ಗೊತ್ತೇ ಆಗ್ಲಿಲ್ಲ ಸಿಸ್ಟರ್. ಈಗ ಎಂತ ಮಾಡುವುದು? ನಮ್ಮ ಬ್ಯಾಟರಿಯಿಂದ ನಿಮಗೊಂದು ವಯರ್ ಎಳೆಸಲಾ?"

ಒಬ್ಬರ ಕರೆಂಟನ್ನು ಕಾಂಪೌಂಡು ದಾಟಿಸಿ ಇನ್ನೊಬ್ಬರಿಗೆ ಕೊಡುವಂತಿಲ್ಲ, ಅದಕ್ಕೂ ನಿಯಮ ಉಂಟು ಎನ್ನಲು ನಾನು ಬಾಯಿ ತೆರೆದೆ.

"ಎಳೆಸಿ," ಎಂದಳು ಇವಳು. ನಿಯಮ ತಿದ್ದುವವರೆಗೆ ಉಸಿರು ಬಿಗಿಹಿಡಿದು ಕೂರುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.