ಗುಂಡುಸೂಜಿ ಇಸ್ತ್ರಿ ಮಾಡಿದ ಗೋಡೆ

ನನ್ನ ನಾದಿನಿಯನ್ನು ಊರೆಲ್ಲ ಗುಂಡುಸೂಜಿ ಎಂದೇ ಕರೆಯುತ್ತಿತ್ತು. ಹೊಲಿಗೆ ಅವಳ ಕಸುಬು. ತುಟಿಯಲ್ಲಿ ಸೂಜಿಗಳನ್ನು ಕಚ್ಚಿಕೊಂಡೇ ಮಾತಾಡುವಳು. ಬೈಯುವಾಗಲೂ ಒಂದೂ ಬೀಳುತ್ತಿರಲಿಲ್ಲ. ಮದುವೆ ಬೇಡವೆಂದವಳಿಗೆ ಬೇಕಾಗಿದ್ದದ್ದು ಸ್ವಂತದ್ದೊಂದು ಮನೆ. ಬಾಡಿಗೆ ಮನೆ ಬಿಡಿಸಿದಾಗಲೆಲ್ಲ ಹೊಲಿಗೆ ಮಿಷನ್ನು ಕೈಗಾಡಿ ಹತ್ತುತ್ತಿತ್ತು, ಅಳತೆ ಕೊಟ್ಟವರು ಅವಳನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದರು.

ಅಂಚೆ ಕೆಲಸದಿಂದ ನಿವೃತ್ತರಾದವರೊಬ್ಬರು ತಮ್ಮ ಎರಡು ಕೋಣೆಯ ಮನೆ ಮಾರುತ್ತಿದ್ದರು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೂ ಹೊಲಿಗೆ ಕಾಣುವಷ್ಟು ಬೆಳಕು ಅಲ್ಲಿ. ಸಾಲ ಕೇಳಿದರೆ ಬ್ಯಾಂಕಿನವರು ಸಂಬಳದ ಚೀಟಿ ತಾ ಎಂದರು. ಹೊಲಿಯುವವಳಿಗೆ ಸಂಬಳ ಕೊಡುವವರು ಯಾರು? ಅಷ್ಟರಲ್ಲಿ, ಹಳ್ಳಿಗಾಡಿನಲ್ಲಿ ಮೊದಲ ಮನೆ ಕೊಳ್ಳುವವರ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲುವ ಏರ್ಪಾಟು ಬಂತು. ಸರ್ಕಾರದ ಕಡೆಯವರು ಬಂದು ನೋಡಿ, ಮನೆ ಗಟ್ಟಿಯಿದೆ, ಗೋಡೆಯಲ್ಲಿ ತೇವವಿಲ್ಲ ಎನ್ನಬೇಕು, ಅಷ್ಟೆ. ಬೇಡವೆಂದರೆ ಅವರು ಮತ್ತೆ ನಮ್ಮ ಕಡೆ ತಲೆ ಹಾಕುವುದು ತಿಂಗಳುಗಟ್ಟಲೆ ಆದ ಮೇಲೆ. ಅಂಚೆಯವರು ಅಷ್ಟು ದಿನ ಕಾಯುವಂತಿರಲಿಲ್ಲ. ಕೊಳ್ಳಲು ಬೇರೆಯವರು ತುದಿಗಾಲಲ್ಲಿ ನಿಂತಿದ್ದರು.

ನಮ್ಮ ಯಜಮಾನರಿಗೆ ತಂಗಿ ಎಂದರೆ ಪ್ರಾಣ. ಬಸ್ ರಿಪೇರಿ ಮಾಡುವವರು. ಬಸ್ಸನ್ನು ತಪಾಸಣೆಗೆ ಕಳಿಸುವ ಮುಂಚೆ ಬಣ್ಣ ಬಳಿದು ಮಿರಿಮಿರಿ ಮಾಡುವುದು ಅವರ ಗ್ಯಾರೇಜಿನ ಪದ್ಧತಿ. ಮನೆಗೂ ಅದೇ ಎಂದುಕೊಂಡರು. ಯಾರಿಗೂ ಹೇಳದೆ ಅಂಚೆಯವರಿಂದ ಬೀಗದ ಕೈ ಇಸಿದುಕೊಂಡು, ಮನೆ ನೋಡುವ ಸರ್ಕಾರಿ ಸಾಹೇಬರು ಬರುವ ದಿನ ಬೆಳಗಾಗುತ್ತಲೇ ಹೋಗಿ ಹಿಂದಿನ ಗೋಡೆಗೆ ಬಣ್ಣ ಹೊಡೆದು ಬಂದರು.

ಸಾಹೇಬರ ಕೈಯಲ್ಲೊಂದು ಪುಟ್ಟ ಯಂತ್ರವಿತ್ತು. ತೇವವಿರುವ ಕಡೆ ಒತ್ತಿದರೆ ಕೂಗುತ್ತದೆ. ಉಳಿದ ಗೋಡೆಗಳಿಗೆಲ್ಲ ತೆಪ್ಪಗಿದ್ದದ್ದು ಹಿಂದಿನ ಗೋಡೆಗೆ ಹೋದದ್ದೇ ಕಿರುಚಿಕೊಂಡಿತು.

"ತೇವ ಇದೆಯಲ್ಲಮ್ಮ."

"ಅದು ನಾನು ಸಾರ್," ಎಂದರು ನಮ್ಮವರು. "ಬೆಳಿಗ್ಗೆ ಬಣ್ಣ ಹೊಡೆದೆ."

"ತೇವ ಮುಚ್ಚೋಕೆ ತಾನೆ ಎಲ್ಲರೂ ಹೊಡೆಯೋದು?"

"ಚೆನ್ನಾಗಿ ಕಾಣಲಿ ಅಂತ ಸಾರ್."

"ಚೆನ್ನಾಗೇ ಕಾಣ್ತಿದೆ ಅಣ್ಣ," ಎಂದಳು ಗುಂಡುಸೂಜಿ. "ಇನ್ನು ಈ ಮನೇಲಿ ಬೇರೆಯವರು ಬಂದು ಇರ್ತಾರೆ."

ಹಾಗೆಂದವಳು ಸರಸರ ಹೋಗಿ ತನ್ನ ಇಸ್ತ್ರಿಪೆಟ್ಟಿಗೆ, ಒಂದಿಷ್ಟು ಹಳೆಯ ಹತ್ತಿಬಟ್ಟೆ ತಂದಳು. ಬಟ್ಟೆಯನ್ನು ಗೋಡೆಗೆ ಹಿಡಿದು, ಮೇಲೆ ಇಸ್ತ್ರಿ ಒತ್ತತೊಡಗಿದಳು. ಹಬೆ ಬುಸ್ಸೆಂದಿತು.

"ಏನಮ್ಮ ಇದು?" ಎಂದರು ಸಾಹೇಬರು.

"ಒದ್ದೆ ಮಾಲು ಗಿರಾಕಿ ಕೈಗೆ ಕೊಟ್ಟು ನನಗೆ ಅಭ್ಯಾಸ ಇಲ್ಲ ಸಾರ್."

ಸಾಹೇಬರ ಮೀಸೆಯಡಿ ನಗು ಹಾದುಹೋಯಿತು. "ಮೇಲಿನ ತೇವ ಹೋಗತ್ತೆ. ಗೋಡೆ ಒಳಗಿನದಾದ್ರೆ ಮತ್ತೆ ಮೇಲೆ ಬರತ್ತೆ. ಸೂರು, ಬಾವಿ ಎಲ್ಲ ನೋಡ್ಕೊಂಡು ನಿಧಾನವಾಗಿ ಬರ್ತೀನಿ. ಅಲ್ಲಿವರೆಗೆ ಇಸ್ತ್ರಿ ಮುಟ್ಟಬಾರದು."

ಅವಳು ಮುಗಿಸಿದ ಮೇಲೆ ಮೂವರೂ ಒಲೆ ಮೇಲಿನ ಹಾಲು ಕಾಯುವವರಂತೆ ಗೋಡೆಯ ಮುಂದೆ ಕುಳಿತೆವು. ನಮ್ಮವರು ತಡೆಯಲಾರದೆ ಮುಟ್ಟಿನೋಡಲು ಹೋದರೆ ಅವಳು ಕೈಗೆ ಪಟ್ಟನೆ ಹೊಡೆದಳು.

"ಬೆವರು ಕೈ ಇಡಬೇಡ. ಯಂತ್ರ ಅದಕ್ಕೂ ಕೂಗಿಬಿಟ್ಟೀತು."

"ಬೈಕೊಳ್ಳೇ, ಬಾಯ್ತುಂಬ ಬೈಕೋ."

"ಬೈದ್ರೆ ಮನೆ ಬರತ್ತಾ?"

ಅವಳ ಮುಖ ಸುಣ್ಣದಂತಾಗಿತ್ತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬೇಡವೆನ್ನಲಿಲ್ಲ.

ಸಾಹೇಬರು ಬಂದು ಯಂತ್ರವನ್ನು ಮೇಲೆ ಒತ್ತಿದರು, ನಡುವೆ ಒತ್ತಿದರು, ಮೊಣಕಾಲೂರಿ ನೆಲದ ಹತ್ತಿರವೂ ಒತ್ತಿದರು. ಅದು ತುಟಿ ಬಿಚ್ಚಲಿಲ್ಲ.

"ಗೋಡೆ ಚೆನ್ನಾಗಿದೆ, ಬರ್ಕೊಡ್ತೀನಿ," ಎಂದರು ಏಳುತ್ತ. "ಅಣ್ಣನ ಕೈಗೆ ಮಾತ್ರ ಇನ್ನು ಬ್ರಷ್ ಕೊಡಬೇಡಮ್ಮ."

ನಾದಿನಿ ಆ ಗೋಡೆಗೇ ಮಿಷನ್ನು ಒರಗಿಸಿ ಕೊನೆಯವರೆಗೂ ಹೊಲಿದಳು. ನಮ್ಮವರು ಬದುಕಿದ್ದಷ್ಟು ದಿನವೂ, ಅವಳ ಮನೆಗೆ ಹೋದಾಗಲೆಲ್ಲ ಮೊದಲು ನೆಟ್ಟಗೆ ಹಿಂದಿನ ಗೋಡೆಗೆ ಹೋಗಿ ಅಂಗೈ ಊರಿ ನೋಡುವರು. ಅವಳು ಮಿಷನ್ನಿನಿಂದ ತಲೆಯೆತ್ತದೆ, "ಒಣಗಿದೆ ಅಣ್ಣ, ಬಾ ಕೂತ್ಕೋ," ಎನ್ನುವಳು.