ಪಿಕಪ್ ಗಾಡಿಯ ಮೂತಿ ನೋಡುವ ಖಾತುನಬಿ

ಬೆಳಕು ಹರಿಯುವ ಹೊತ್ತು. ಗಜೇಂದ್ರಗಡದ ಪೇಟೆಯ ತುದಿಯ ಬೇವಿನ ಮರದ ಕೆಳಗೆ ಹಸಿರು ಪಿಕಪ್ ಗಾಡಿಯೊಂದು ನಿಂತಿದೆ. ಅದರ ಮುಂದೆ ಗೋಣಿತಟ್ಟು ಹಾಸಿಕೊಂಡು ಕುಳಿತ ಖಾತುನಬಿ ಕಣ್ಣು ಮುಚ್ಚಿ, ಗಾಡಿಯ ಮೂತಿಯ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಬಣ್ಣ ಹಾರಿದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದಂತೆ.

ಡ್ರೈವರ್ ಮಾಳಪ್ಪ ಬೀಡಿ ಹಚ್ಚುವುದನ್ನೂ ಮರೆತು ಪಕ್ಕದಲ್ಲಿ ನಿಂತಿದ್ದಾನೆ. ಗಾಡಿ ರೋಣದ ಹತ್ತಿ ವ್ಯಾಪಾರಿ ಗವಿಸಿದ್ದಪ್ಪನವರದು. ಮುಂದಿನ ದೀಪದ ಕೆಳಗೆ ಮತ್ತೆ ಮತ್ತೆ ಬಣ್ಣದ ಚಕ್ಕೆ ಏಳುತ್ತಿದೆ. ಇವನು ಲಾರಿಗಳ ಬೆನ್ನಿಗೇ ಓಡಿಸುತ್ತಾನೆ, ಅವುಗಳ ಗಾಲಿಯಿಂದ ಕಲ್ಲು ಸಿಡಿಯುತ್ತದೆ ಎಂದು ಯಜಮಾನರ ಸಿಟ್ಟು. ಇನ್ನೊಮ್ಮೆ ಹೀಗಾದರೆ ಬೇರೆ ಡ್ರೈವರನನ್ನು ನೋಡುತ್ತೇನೆ ಎಂದಿದ್ದರು. ಈಗ ಮತ್ತೆ ಹಾಗೇ ಆಗಿದೆ. ಇಂದು ಅವರೇ ನೋಡಲು ಬರುತ್ತಿದ್ದಾರೆ.

"ಚಾಚಿ, ಲಗೂ ಮುಚ್ಚಿಬಿಡ್ರಿ. ಧಣ್ಯಾರ ಬರೂದ್ರಾಗ ಹಸರ ಕಾಣ್ಲಿ."

"ಹುಣ್ಣಿಗೆ ಅಂಗಿ ಹೊಚ್ಚಿದ್ರ ವಾಸಿ ಆಕ್ಕೈತೇನೋ? ಸುಮ್ನ ನಿಂದ್ರು!"

ಖಾತುನಬಿಯ ಗಂಡ ಉಸ್ಮಾನಸಾಬ ಟಾಂಗಾಗಳಿಗೆ ಬಣ್ಣ ಹಚ್ಚುತ್ತಿದ್ದವರು. ಮೋಟಾರುಗಳು ಬಂದ ಮೇಲೆ ಅವುಗಳ ಕೆಲಸ ಹಿಡಿದರು. ಕಣ್ಣಿಗೆ ಪೊರೆ ಬಂದಾಗ ಕುಂಚ ಹೆಂಡತಿಯ ಕೈಗೆ ಬಂತು. "ಮೊದಲೆಲ್ಲಾ, ಹೆಂಗಸು ಗಾಡಿ ಮುಟ್ಟಿದ್ರ ಹ್ಯಾಂಗ ಅಂತಿದ್ರು. ಈಗ ಗಾಡಿ ನನ್ನ ಹಂತ್ಯಾಕ ಬಿಟ್ಟ ಚಾ ಕುಡ್ಯಾಕ ಹೋಗ್ತಾರ" ಎಂದು ನಗುತ್ತಾರೆ. ನರಗುಂದ, ರೋಣದ ಗರಸು ಕಲ್ಲಿನ ರಸ್ತೆಗಳಲ್ಲಿ ಓಡುವ ಗಾಡಿಗಳೆಲ್ಲ ಒಂದಲ್ಲ ಒಂದು ದಿನ ಈ ಬೇವಿನ ಕೆಳಗೆ ಬರುತ್ತವೆ.

ಅವರ ಮುಖ್ಯ ಆಯುಧ ಒಡೆದ ಬಳೆಯ ಚೂರು. ಅದರಿಂದ ಸಡಿಲ ಬಣ್ಣ ಎಬ್ಬಿಸಿ, ತುಕ್ಕು ಕೆರೆದು, ಸೀಮೆಎಣ್ಣೆಯಲ್ಲಿ ಒರೆಸುತ್ತಾರೆ. ಮೊದಲು ತುಕ್ಕು ತಡೆಯುವ ಕೆಂಪು ಅಸ್ತರ. ಅದು ಆರಿದ ಮೇಲೆ ಕಡ್ಡಿಯ ತುದಿಯಿಂದ ಹಸಿರು, ತೆಳ್ಳಗೆ, ಪದರದ ಮೇಲೆ ಪದರ. ದಪ್ಪ ಹನಿ ಇಟ್ಟರೆ ಮೇಲ್ಭಾಗ ಮಾತ್ರ ಆರಿ ಸುಕ್ಕುಗಟ್ಟುತ್ತದೆ. ಚಕ್ಕೆ ಏಳದಂತೆ ಜೇನುಮೇಣ ತಿಕ್ಕುವುದೂ, ಮೂತಿಗೆ ದಪ್ಪ ಬಟ್ಟೆ ಕಟ್ಟುವುದೂ ಉಂಟು. "ಅರಿವಿ ದಿನಾ ಝಾಡಸ್ಬೇಕ್ರಿ. ಒಳಗ ಉಸುಕ ಕುಂತ್ರ ಅದ ಬಣ್ಣಾ ತಿಂತೈತಿ" ಎಂದು ಗಾಡಿಯವರಿಗೆ ಹೇಳಿ ಕಳಿಸುತ್ತಾರೆ.

ಬಳೆಚೂರು ಇಂದು ಒಂದು ಚಕ್ಕೆ ಎತ್ತುತ್ತದೆ. ಸಂದಿಯಿಂದ ಇರುವೆಗಳು ಹೊರಬರುತ್ತವೆ. ಹಿಂದೆಯೇ ಒದ್ದೆ ಕುಂಕುಮ, ಒಂದೆಳೆ ತೆಂಗಿನ ನಾರು. ಖಾತುನಬಿಯ ಕೈ ನಿಲ್ಲುತ್ತದೆ. ರಸ್ತೆಯ ಕಲ್ಲಾದರೆ ಮೂತಿಯ ತುಂಬ ಚುಕ್ಕೆ ಬೀಳಬೇಕು. ಇಲ್ಲಿ ಚುಕ್ಕೆಗಳೆಲ್ಲ ಬಂಪರಿನ ಒಂದೇ ಮಗ್ಗುಲಿನ ಮೇಲ್ಗಡೆ ಇವೆ.

"ಮಾಳ್ಯಾ, ಅಮಾಸಿಗೆ ಕಾಯಿ ಯಾರು ಒಡೀತಾರ?"

"ಧಣ್ಯಾರ. ಬಂಪರಿಗೆ ಕುಟ್ಟಿ ಒಡೀತಾರ."

ಚಿಪ್ಪಿನ ಚೂರು ಸಿಡಿದು ಬಣ್ಣ ಹಾರುತ್ತದೆ. ಕಾಯಿಯ ನೀರು ಆ ಬಿರುಕಿಗೆ ಇಳಿಯುತ್ತದೆ. ಮೇಲೆ ಮೆತ್ತಿದ ಕುಂಕುಮ ತೇವ ಹಿಡಿದಿಡುತ್ತದೆ, ಒಳಗೆ ತುಕ್ಕು ಹಬ್ಬುತ್ತದೆ. ಇದನ್ನು ಯಜಮಾನರಿಗೆ ಹೇಳುವವರು ಯಾರು?

ಗವಿಸಿದ್ದಪ್ಪ ಬಂದಾಗ ಖಾತುನಬಿ ನಾರನ್ನು ಅಂಗೈಯಲ್ಲಿಟ್ಟು ತೋರಿಸಿ, ಎಲ್ಲವನ್ನೂ ಹೇಳುತ್ತಾರೆ. ಯಜಮಾನರ ಹುಬ್ಬು ಗಂಟಾಗುತ್ತದೆ. "ಪೂಜಿ ಬಿಡು ಅಂತೀ ಏನವಾ?"

"ಎಲ್ಲೀದ್ರೀ! ಗಾಡಿ ಮುಂದ ಒಂದ ಕಲ್ಲ ಇಟ್ಟ ಅದಕ್ಕ ಒಡೀರಿ. ದೇವರಿಗೆ ಕಾಯಿ ಬೇಕು, ಬಂಪರ್ ಯಾಕ?"

ಯಜಮಾನರು ಬಗ್ಗಿ ತುಕ್ಕು ಮುಟ್ಟಿ ನೋಡುತ್ತಾರೆ. ಆಮೇಲೆ ಮಾಳಪ್ಪನ ಕಡೆ ತಿರುಗದೆಯೇ, "ಬಣ್ಣ ಆರಿದ ಮ್ಯಾಲ ನರಗುಂದಕ್ಕ ಹೊಂಡು. ಹತ್ತಿ ಅಂಡಿಗಿ ಹೇರೂದೈತಿ" ಎನ್ನುತ್ತಾರೆ.

ಅವರು ಮರೆಯಾಗುತ್ತಲೇ ಮಾಳಪ್ಪ ಕೈ ಮುಗಿಯುತ್ತಾನೆ. "ಊರೂರಿಗೆ ನಿಮ್ಮ ಹೆಸರ ಹೇಳ್ತೀನ್ರಿ ಚಾಚಿ."

ಖಾತುನಬಿ ಕಡ್ಡಿಯನ್ನು ಹಸಿರು ಬಣ್ಣದಲ್ಲಿ ಅದ್ದುತ್ತಾರೆ. "ಹೆಸರ ಬ್ಯಾಡೋ. ಗಾಡಿ ತೋರಸು. ಬಣ್ಣಾ ಎಲ್ಲಿ ಹೋಗಿತ್ತು, ಹುಡಕ್ರಿ ಅನ್ನು."