ಮನೆತನದ ಕೋಷ್ಟಕ

ಮಂತ್ರವಿದ್ಯೆ ಹೇಗೆ ಕೆಲಸ ಮಾಡಬೇಕು ಎಂಬ ವಿಷಯಕ್ಕೆ ನಲವತ್ತು ದಾಟಿದ ಮೂವರು ಒಂದು ಭಾನುವಾರ ಮಧ್ಯಾಹ್ನವಿಡೀ ಜಗಳವಾಡಿದೆವು ಎಂದರೆ ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ. "ಖರೇ ಮಂತ್ರ ಏನ್ರಿ?" ಎಂದು ಕೇಳಿದಳು. ಅಲ್ಲ, ಆಟದ್ದು ಎಂದೆ. "ಆಟದ್ದಾದ್ರ ಇಷ್ಟ್ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ?" ಎಂದಳು. ನಾನು ಕೈಕಾಲು ತೊಳೆಯಲು ಹೋದೆ.

ಆಟ ಇಂಥದ್ದು. ಮೇಜಿನ ಸುತ್ತ ಕೂರಬೇಕು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಯೋಧ, ಕಳ್ಳ, ಮಾಂತ್ರಿಕ ಹೀಗೆ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಆ ಪಾತ್ರವನ್ನು ನಾವು ಆಳು ಎನ್ನುತ್ತೇವೆ. ಪಾತ್ರ ಏನಾದರೂ ಮಾಡಹೊರಟರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕೆ ಬಿದ್ದರೆ ಕೆಲಸ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಇದನ್ನು ನಮಗೆ ಹಚ್ಚಿದವನು ಔರಾದಿನ ಗೆಳೆಯ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವನದು, ಅಂಬೇಡ್ಕರರ ಹಾದಿ ಹಿಡಿದು ಬೌದ್ಧರಾದ ಮನೆಯವನು, ನನಗಿಂತ ಎರಡು ಪಟ್ಟು ಓದಿದವನು. ಇಂಗ್ಲಿಷಿನ ನಿಯಮಗಳನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದವನೂ ಅವನೇ. ನಾನು ಭಾಲ್ಕಿಯಲ್ಲಿ ಗಣಿತ ಕಲಿಸುವ ಮಾಸ್ತರ. ಇಬ್ಬರೂ ಬಸ್ಸು ಹಿಡಿದು ಬೀದರಿಗೆ ಬಂದು, ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ, ನಾವು ಅಕ್ಕ ಎನ್ನುವ ಅರ್ಥದಲ್ಲಿ ಆಪಾ ಎಂದು ಕರೆಯುವವರ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದೆವು. ಆಪಾ ಆಡುತ್ತಿದ್ದರು. ಅವರ ಗಂಡ ಆಡುತ್ತೇನೆಂದು ಕೂತು ನಿದ್ದೆ ಮಾಡುತ್ತಿದ್ದರು.

ಆಪಾ ನನಗೆ ಪರಿಚಯವಾದದ್ದು ನಮ್ಮ ವಂಶಾವಳಿಯಿಂದ. ಏಳು ತಲೆಮಾರಿನ ಹೆಸರು ಬರೆದ ಹಳೆಯ ಹಾಳೆಗೆ ಗಾಜು ಹಾಕಿಸಲು ಒಯ್ದಿದ್ದೆ. ಈಗ ಅದು ನಮ್ಮ ಪಡಸಾಲೆಯಲ್ಲಿದೆ. ಬಂದವರು ನೋಡಲಿ ಎಂದೇ ಬಾಗಿಲ ಎದುರು ಹಾಕಿದ್ದೇನೆ.

ಮೂರು ವರ್ಷ ಔರಾದಿನ ಗೆಳೆಯನೇ ಕಥೆ ನಡೆಸಿದ. ಆಮೇಲೆ, ಈ ಸಲ ನಾನು ನಡೆಸುತ್ತೇನೆ, ನಿಯಮಗಳನ್ನೂ ನಾನೇ ಬರೆಯುತ್ತೇನೆ ಎಂದೆ. ಬೇಸಿಗೆ ರಜೆಯೆಲ್ಲ ಕೂತು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಗೆರೆ ಎಳೆದು 'ಮನೆತನದ ಕೋಷ್ಟಕ' ಬರೆದೆ. ನನ್ನ ಲೋಕದಲ್ಲಿ ಮಂತ್ರವಿದ್ಯೆ ಹುಟ್ಟಿನಿಂದ ಬರುವಂಥದ್ದು. ದಾಳದಲ್ಲಿ ಇಪ್ಪತ್ತು ಬಿದ್ದರೆ ರಾಜಗುರುಗಳ ಮನೆತನ, ಹತ್ತೊಂಬತ್ತಕ್ಕೆ ಮಳೆ ತರಿಸುವವರದು, ಹೀಗೆ ಇಳಿಯುತ್ತ ಇಳಿಯುತ್ತ ಒಂದರಿಂದ ಮೂರರವರೆಗೆ: ವಿದ್ಯೆ ಇಲ್ಲ, ಕಂದೀಲು ಹಿಡಿಯಬಹುದು. ಬರೆದು ಮುಗಿಸಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೋಷ್ಟಕ ನೋಡಿ ಗೆಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಆಮೇಲೆ, "ಇದು ಬ್ಯಾಡೋ," ಎಂದ. "ವಿದ್ಯಾ ಅಂದ್ರ ಓದಿದವಂದು. ಮುಂಜಾನಿ ಪುಸ್ತಕ ತಗದು ಮಂತ್ರ ಬಾಯಿಪಾಠ ಮಾಡ್ಬೇಕು. ಒಮ್ಮಿ ಹಾಕಿದ ಮ್ಯಾಲ ಮರೀಬೇಕು, ಮತ್ತ ಓದ್ಬೇಕು. ಕೂತು ಓದಿದ್ರ ಯಾರಿಗಾದ್ರೂ ಬರ್ತದ."

"ಬರೇ ಓದಿದ್ರ ಸಾಕೇನ್ರಿ?" ಆಪಾ ತಕ್ಷಣ ಎದ್ದು ಕೂತರು. "ಏನಾರ ಕಳ್ಕೋಬೇಕು. ನಾ ಗಾಜು ಕೊಯ್ದ್ರ ಬೆರಳಿಗಿ ಗೆರಿ ಬೀಳ್ತದ. ಬೆಂಕಿ ಮಂತ್ರ ಹಾಕಿದವನಿಗಿ ಎರಡು ದಿನ ನಿದ್ದಿ ಹೋಗ್ಬೇಕು. ಆಗ ನೋಡ್ರಿ, ಸುಮ್ ಸುಮ್ನೆ ಯಾರೂ ಹಾಕಲ್ಲ."

ಅವರ ಗಂಡ ಕಣ್ಣು ತೆರೆದು, "ಮಂತ್ರದಾಗ ಬ್ಯಾಳಿ ಬೇಯ್ತದೇನ್ರಿ?" ಎಂದು ಕೇಳಿ ಮತ್ತೆ ಮುಚ್ಚಿಕೊಂಡರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಡೀ ರಜೆಯ ಶ್ರಮಕ್ಕೆ ಹೀಗೆ ಎಲ್ಲರೂ ಒಂದೊಂದು ಮಾತು ಹೇಳಿದರೆ ಹೇಗಾಗಬೇಡ? "ಎಲ್ಲಾರಿಗೂ ಬಂದ್ರ ಅದಕ್ಕ ಬೆಲಿ ಏನು ಉಳೀತು?" ಎಂದೆ. "ವಿದ್ಯಾ ರಕ್ತದಾಗೇ ಇರ್ಬೇಕು."

"ರಕ್ತ ನಾ ದಿನಾ ನೋಡ್ತೇನಿ ದೋಸ್ತ," ಎಂದ ಅವನು. "ಸಕ್ಕರಿ ಇರ್ತದ, ಉಪ್ಪು ಇರ್ತದ. ಮಂತ್ರ ಇನ್ನೂ ಕಂಡಿಲ್ಲ."

ಆಪಾ ಬಿದ್ದು ಬಿದ್ದು ನಕ್ಕರು. ನಿದ್ದೆಯಲ್ಲಿದ್ದಾರೆಂದುಕೊಂಡಿದ್ದ ಅವರ ಗಂಡನೂ ನಕ್ಕರು. ವಾದ ಮುಗಿದಿತ್ತು, ನಾನು ಸೋತಿದ್ದೆ. ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಥೆ ನಡೆಸುವವನ ಮಾತೇ ಕೊನೆಯ ಮಾತು ಎಂಬ ನಿಯಮ ಈ ಆಟದಲ್ಲಿದೆ. ನಾನು ಅದನ್ನು ಹಿಡಿದು ಕೂತೆ. ದಾಳ ಹಾಕು ಎಂದೆ.

ಅವನಿಗೆ ಎರಡು ಬಿತ್ತು. ಕಂದೀಲು ಹಿಡಿಯುವವನು.

"ಆಗ್ಲಿ," ಎಂದ. ಅವನಿಗೆ ಬೇಸರವಿರಲಿಲ್ಲ, ಉತ್ಸಾಹವೇ ಬಂದಿತ್ತು. "ನನ್ನ ಆಳು ಗುರುಗಳ ಮಠದ ಕಿಟಕಿ ಹೊರಗ ಕಂದೀಲು ಹಿಡ್ಕೊಂಡು ನಿಂತಾನ. ಒಳಗ ಹೇಳೋದು ಕೇಳಿ ಕೇಳಿ ಕಲೀತಾನ. ಹಾಕ್ಲೇನು?" ನಾನು ಉತ್ತರಿಸುವ ಮೊದಲೇ ದಾಳ ಉರುಳಿತು. ಇಪ್ಪತ್ತು. ಆಪಾ ನಗುತ್ತ ಚಪ್ಪಾಳೆ ತಟ್ಟಿದರು. ಇಪ್ಪತ್ತು ಬಿದ್ದರೆ ಯಾವ ಕೆಲಸವೂ ಆಗಲೇಬೇಕು.

"ಕಲ್ತಾನ," ಎಂದೆ. "ಕಲ್ತು ಮಂತ್ರ ಬಾಯಾಗ ತಂದಾನ. ಮನೆತನ ಇಲ್ಲದವ ಮಂತ್ರ ಅಂದ್ರ ನಾಲಿಗಿ ಸುಡ್ತದ. ಸುಟ್ತು. ಇನ್ನ ಮ್ಯಾಲ ನಿನ್ನ ಆಳಿಗಿ ಮಾತಿಲ್ಲ."

"ಇದು ಎಲ್ಲಿ ಬರದದ?"

"ಈಗ ಬರೀತೇನಿ," ಎಂದು ಪೆನ್ನು ತೆಗೆದು, ಕೋಷ್ಟಕದ ಕೆಳಗೆ, ಕೆಂಪು ಶಾಯಿಯಲ್ಲೇ ಬರೆದೆ. ಬರೆಯುವಾಗ ನಗುತ್ತಿದ್ದೆ. ತಲೆ ಎತ್ತಿದಾಗ ಯಾರೂ ನಗುತ್ತಿರಲಿಲ್ಲ.

ಅವನು ತನ್ನ ದಾಳಗಳನ್ನು ಚೀಲಕ್ಕೆ ಹಾಕಿಕೊಂಡ. ಔರಾದಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಬಸ್ಸಿಗೆ ಹೊತ್ತಾಯಿತು ಎಂದ. ಮೆಟ್ಟಿಲ ಸದ್ದು ನಿಂತ ಮೇಲೆ ಆಪಾ ನನ್ನ ನೋಟ್‌ಬುಕ್ಕನ್ನು ಮುಚ್ಚಿ ನನ್ನ ಕಡೆ ಸರಿಸಿದರು. "ಏನು ಅಂದಿರಿ ಗೊತ್ತದೇನು ಭಾಯಿ?" ಎಂದರು. "ಆಟ ಆಪಾ, ಬರೇ ಆಟ," ಎಂದೆ. ಅವರು ಚಹಾ ಬೇಕೇ ಎಂದೂ ಕೇಳಲಿಲ್ಲ.

ಮೂರು ಭಾನುವಾರ ಅವನು ಬರಲಿಲ್ಲ. ಮೊದಲನೆಯ ವಾರ, ಇಷ್ಟಕ್ಕೆಲ್ಲ ಮುನಿಸೇ ಎಂದು ನಾನೇ ಬೀಗಿದೆ. ಎರಡನೆಯ ವಾರ ಫೋನು ಮಾಡಿದೆ, ಎತ್ತಲಿಲ್ಲ. ಮೂರನೆಯ ವಾರ ಆಪಾ, "ಅವರು ಬರಲ್ಲ ಅಂದ್ರ ನಮ್ಮದೂ ಆಟ ಬಂದ್," ಎಂದು ಖಡಾಖಂಡಿತವಾಗಿ ಹೇಳಿದರು. ಊರಲ್ಲಿ ನನಗೆ ಸಹೋದ್ಯೋಗಿಗಳಿದ್ದಾರೆ, ಬೀಗರಿದ್ದಾರೆ. ಗೆಳೆಯ ಎನ್ನಲು ಇವನೊಬ್ಬನೇ ಇದ್ದ ಎಂಬುದು ನನಗೆ ತಿಳಿದದ್ದು ಆಗ. ಮರುದಿನವೇ ರಜೆ ಹಾಕಿ ಔರಾದಿಗೆ ಹೊರಟೆ. ಸಂತಪುರದಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ಸು ಹೋಗಿಬಿಡೋಣವೇ ಎಂದೂ ಅನ್ನಿಸಿತು.

ಬಾಗಿಲು ತೆಗೆದವನೇ, "ಬರ್ರಿ ಸರ," ಎಂದ. ಇಷ್ಟು ವರ್ಷ ನನ್ನನ್ನು ನೀ ಎಂದು ಕರೆದವನು. ಅವನ ಹೆಂಡತಿ ನೀರು ತಂದಿಟ್ಟು ಒಳಗೆ ಹೋದರು. ನಾನು ಕೋಷ್ಟಕದ ಹಾಳೆಯನ್ನು ಹರಿದು ತಂದಿದ್ದೆ. ಅವನೆದುರು ನಾಲ್ಕು ತುಂಡು ಮಾಡಿ, ತಪ್ಪಾಯಿತು ಎಂದೆ. ಅದು ನಾಟಕವಲ್ಲ.

ಅವನು ತುಂಡುಗಳನ್ನು ನೋಡಲಿಲ್ಲ. "ನಮ್ಮ ಅಜ್ಜ ಸಾಲಿ ಹೊರಗ ನಿಂತು ಅಕ್ಷರ ಕಲ್ತಿದ್ದ," ಎಂದ. "ಒಂದಿನ ಹಲಗಿ ಮ್ಯಾಲಿಂದು ಜೋರ್ಲೆ ಓದಿಬಿಟ್ಟ. ಬಾಯಿ ಮ್ಯಾಲ ಹೊಡದ್ರು. ಸಾಯೋತನಕ ಅವನಿಗಿ ಮಾತು ಸ್ವಚ್ಛ ಬರ್ಲಿಲ್ಲ. ಹೋದ ವರ್ಷ ನಿಮ್ಮೂರಿಗಿ ಬರೋ ಬಸ್ಸಿನ್ಯಾಗ ನಿಮಗ ಹೇಳಿದ್ದೆ."

"ಹೂಂ," ಎಂದೆ.

"ಅವತ್ತು ಆಟದಾಗ ಅದು ನಿಮಗ ನೆನಪಿತ್ತೇನು?"

ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ. ಅಷ್ಟು ದಿನಗಳಿಂದ ಅವನು ಕಾದದ್ದು ಈ ಒಂದು ಉತ್ತರಕ್ಕೆ ಎಂದು ಗೊತ್ತಾಯಿತು.

"ಇಲ್ಲಪಾ," ಎಂದೆ. "ನೆನಪಿದ್ರ ಹಾಂಗ ಅಂತಿದ್ನೇನು?"

ನೆನಪಿತ್ತು. ಅವನು ಕಿಟಕಿ ಎಂದ ಕೂಡಲೇ ನೆನಪಾಗಿತ್ತು. ಬಸ್ಸಿನಲ್ಲಿ ಆ ಮಾತು ಹೇಳುವಾಗ ಅವನು ಅಂಗೈಯಿಂದ ತನ್ನ ಬಾಯಿ ಮುಟ್ಟಿಕೊಂಡದ್ದು ಕೂಡ. ಎಲ್ಲರೂ ನಗುತ್ತಿದ್ದರು, ನನಗೆ ಆ ನಗು ನಿಲ್ಲಬೇಕಿತ್ತು, ಯಾವ ಮಾತಿಗೆ ನಿಲ್ಲುತ್ತದೆ ಎಂದು ಗೊತ್ತಿದ್ದೇ ಆಡಿದೆ. ಆಟ, ಕೋಷ್ಟಕ, ನಿಯಮ ಎಲ್ಲ ನೆಪ. ಇದನ್ನು ಅವನಿಗೆ ಹೇಳಲೆಂದೇ ಅಷ್ಟು ದೂರ ಹೋಗಿದ್ದೆ.

ಅವನು ಉಸಿರು ಬಿಟ್ಟ. ಮುಖ ಹಗುರಾಯಿತು. "ಹಾಂಗಾದ್ರ ಬಿಡು," ಎಂದ. "ಮರ್ತಿದ್ದಿ ಅಂದ್ರ ಏನು ಮಾಡೋದು? ಗೊತ್ತಿದ್ದೇ ಅಂದಿ ಅಂತ ತಿಳ್ಕೊಂಡಿದ್ದೆ. ಮೂರು ವಾರ ಊಟ ಸೇರಿಲ್ಲ ನೋಡು." ಒಳಗೆ ಕೂಗಿ ಊಟಕ್ಕೆ ಹಾಕಲು ಹೇಳಿದ. ನಾವಿಬ್ಬರೂ ಒಟ್ಟಿಗೆ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ಅವನು ನನ್ನ ತಾಟಿಗೆ ಎರಡು ಸಲ ಬೆಣ್ಣೆ ಹಾಕಿದ. ನಾನು ಉಂಡೆ.

ಮುಂದಿನ ಭಾನುವಾರ ಅವನು ಬೀದರಿಗೆ ಬಂದ. ಓದಿದ ಯಾರಿಗಾದರೂ ಮಂತ್ರ ಬರುತ್ತದೆ, ಹಾಕಿದವನ ನಿದ್ದೆ ಹೋಗುತ್ತದೆ ಎಂದು ಅವನೂ ಆಪಾ ಅವರೂ ಸೇರಿ ಹೊಸ ನಿಯಮ ಮಾಡಿದರು. ನಾನು ಎಲ್ಲದಕ್ಕೂ ಒಪ್ಪಿದೆ. ಆಪಾ ಮಾತ್ರ ನನ್ನ ಕಡೆ ಒಂದು ಕಣ್ಣು ಇಟ್ಟೇ ಇದ್ದರು. ಅದು ಅವನಿಗೂ ಕಂಡಿರಬೇಕು.

"ಅವನ ಮ್ಯಾಲ ಸಿಟ್ಟು ಬ್ಯಾಡ ಆಪಾ," ಎಂದ, ನನ್ನ ಹೆಗಲ ಮೇಲೆ ಕೈ ಹಾಕಿ. "ಪಾಪ, ಅವನಿಗಿ ನೆನಪೇ ಇದ್ದಿಲ್ಲ."

ಆಪಾ ನನ್ನನ್ನು ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ.